ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದ ಮಿಸ್

ಆವತ್ತು ಬೆಳಿಗ್ಗೆಯೂ ಎಲ್ಲ ದಿನದ ಹಾಗೇ ಇತ್ತು. ಅತ್ತೆಯ ಕೋಣೆಯಿಂದ ಮರ ಕುಟ್ಟಿದ ಸದ್ದಾಯಿತು, ಎದ್ದೆ. ಬೆಡ್‌ಪ್ಯಾನ್ ಕೊಟ್ಟು, ಒರೆಸಿ, ಬೆನ್ನಿಗೆ ಪೌಡರ್ ಹಾಕಿ, ಹಾಸಿದ್ದ ಹಳೇ ಸೀರೆ ಬದಲಿಸಿ, ನೆನೆದಿದ್ದನ್ನು ಬಕೆಟ್ಟಿಗೆ ಹಾಕಿದೆ. ಯಜಮಾನರು ಮಾಲೂರಿನ ಕಾರ್ಖಾನೆಯ ಬಸ್ಸಿಗೆ ಓಡುವ ಹೊತ್ತು. ಅವರ ಡಬ್ಬಿ ಕಟ್ಟಿದೆ. ರಾಗಿ ಗಂಜಿ ಗಂಟಾಗದ ಹಾಗೆ ಕದಡಿ, ಸೋಸಿ, ಆರಲು ಇಟ್ಟೆ. ಸೊಂಟ ಹಿಡಿದಿತ್ತು. ಸೊಂಟ ದಿನವೂ ಹಿಡಿದಿರುತ್ತದೆ, ಅದನ್ನೇನು ಹೇಳುವುದು.

ಹಾಲು ಒಲೆಯ ಮೇಲಿದ್ದಾಗ ಫೋನ್ ಬಂತು. ಯಲ್ದೂರಿನಿಂದ, ಮಿಸ್ ಅವರ ತಮ್ಮನ ಹೆಂಡತಿ. "ಅಕ್ಕ ಹೋಗ್ಬಿಟ್ರು ಕಣ್ರೀ. ಮಧ್ಯಾಹ್ನದ ಮೇಲೆ ಎತ್ತುತ್ತಾರೆ. ನಿಮಗೆ ಹೇಳ್ಲೇಬೇಕು ಅಂತ ಮೊದಲೇ ಹೇಳಿದ್ರು" ಅಂದರು. ನಾನು "ಹೂಂ, ಹೂಂ" ಅಂದೆ. ಕೈ ತಾನಾಗಿ ಒಲೆ ಆರಿಸಿತ್ತು. ಹಾಲು ಉಕ್ಕಲಿಲ್ಲ.

ನಮ್ಮ ಮನೆ ಕೋಲಾರದಲ್ಲಿ, ಊರಿನ ಅಂಚಿನ ಬಡಾವಣೆ. ಮಿಸ್ ನಮ್ಮ ಮಹಡಿ ಮೇಲೆ ಬಾಡಿಗೆಗೆ ಇದ್ದವರು. ಹೆದ್ದಾರಿ ಕಡೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಅವರಿಗೆ ಹೆಸರಿತ್ತು, ಆದರೆ ನಾನು ಕಾನ್ವೆಂಟಿನಲ್ಲಿ ಓದಿದವಳು, ಪಾಠ ಹೇಳುವ ಹೆಂಗಸು ಅಂದರೆ ನನ್ನ ಬಾಯಿಗೆ "ಮಿಸ್" ಅಂತಲೇ ಬರುತ್ತದೆ. ಹಾಗೇ ಬೀದಿಗೆಲ್ಲ ಮಿಸ್ ಆದರು. ಮದುವೆ ಆಗಿರಲಿಲ್ಲ. ಅಡುಗೆ ಬರುತ್ತಿರಲಿಲ್ಲ. ಅವರು ಮಾಡಿದ ಸಾರು ಒಂದು ದಿನ ನೀರು, ಒಂದು ದಿನ ಉಪ್ಪು. ಟೆರೇಸಿನ ನಲ್ಲಿ ಬಿಟ್ಟು ಕಾಲೇಜಿಗೆ ಹೋಗಿಬಿಡುವುದು, ಬೀಗದ ಕೈ ಒಳಗೇ ಇಟ್ಟು ಬಾಗಿಲು ಎಳೆದುಕೊಳ್ಳುವುದು, ಇವೆಲ್ಲ ಇದ್ದವು. ಯಜಮಾನರು ಗೊಣಗಿದರೆ, "ಆ ಬಾಗಿಲು ಹಾಗೆ ಎಳೆಯೋಕೆ ಬಿಡಬಾರದಿತ್ತು. ನನ್ನದೇನಿದೆ ಅದರಲ್ಲಿ" ಅನ್ನುವರು. ಜಗಳಕ್ಕೆ ಅಲ್ಲ, ನಿಜವಾಗಿಯೂ ಹಾಗೇ ನಂಬಿದ್ದರು.

ಅವರು ಏನು ಪಾಠ ಮಾಡುತ್ತಾರೆಂದು ನನಗೆ ಬಹಳ ದಿನ ಗೊತ್ತಾಗಲಿಲ್ಲ. ಕೇಳಿದಾಗ, "ಜನ ಮುಟ್ಟಿ ಬಳಸೋ ವಸ್ತು ಇರ್ತಾವಲ್ಲ, ಫೋನು, ಲಿಫ್ಟು, ಎಟಿಎಮ್ಮು, ಅವು ಜನರಿಗೆ ಸುಲಭ ಆಗೋ ಹಾಗೆ ಮಾಡೋದು ಹೇಗೆ ಅಂತ. ಮೊದಲನೇ ಪಾಠ ಅಷ್ಟೇ ನಾನು ಹೇಳೋದು. ಮುಂದಿಂದು ಅವರೇ ಕಲೀಬೇಕು" ಅಂದರು. ಇದಕ್ಕೂ ಒಂದು ಪಾಠ ಬೇಕಾ ಅಂದುಕೊಂಡೆ. ಬಾಯಲ್ಲಿ ಹೇಳಲಿಲ್ಲ.

ಹೇಳಿಸಿದರು. ಒಂದು ಭಾನುವಾರ ಇಬ್ಬರು ಹುಡುಗಿಯರನ್ನು, ಅವರ ಶಿಷ್ಯರು, ನಮ್ಮ ಅಡುಗೆಮನೆಗೇ ಕರೆದುಕೊಂಡು ಬಂದರು. ಶ್ರೀನಿವಾಸಪುರದ ಬಸ್ಸು ಎಲ್ಲಿ ಬರುತ್ತಿದೆ ಅಂತ ತೋರಿಸುವ ಫೋನಿನ ಆ್ಯಪ್ ಮಾಡುವ ಕೆಲಸವಂತೆ. ಆದರೆ ಫೋನೇ ಇಲ್ಲ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಪರದೆ ಬರೆದಿದ್ದರು. ನಾನು ಕಾಗದದ ಮೇಲೆ ಬೆರಳಿಟ್ಟರೆ ಒಬ್ಬ ಹುಡುಗಿ ಆ ಕಾಗದ ತೆಗೆದು ಇನ್ನೊಂದು ಇಡುವಳು.

"ಈಗ ಇವಳೇ ಫೋನು" ಅಂದರು ಮಿಸ್. "ನೀವು ಬಸ್ಸು ಹುಡುಕಿ. ಮನಸ್ಸಿಗೆ ಬಂದದ್ದೆಲ್ಲ ಬಾಯಲ್ಲಿ ಹೇಳ್ತಾ ಮಾಡಿ."

ನಮ್ಮ ಶಾಲೆಯಲ್ಲಿ ತುಟಿಯ ಮೇಲೆ ಬೆರಳಿಟ್ಟು ಕೂರಿಸುತ್ತಿದ್ದರು. ಮದುವೆಯಾಗಿ ಬಂದ ಮೇಲೂ ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಹೇಳು ಅಂತ ಯಾರೂ ಕೇಳಿರಲಿಲ್ಲ. ನಾನು ತಡವರಿಸಿ ಎಲ್ಲೋ ಬೆರಳಿಟ್ಟೆ, ಏನೋ ಬೇರೆ ಕಾಗದ ಬಂತು. "ಸಾರಿ ಮಿಸ್" ಅಂದೆ.

"ಯಾರಿಗೆ ಸಾರಿ? ಕಾಗದಕ್ಕಾ?"

"ಅಲ್ಲ, ತಪ್ಪು ಒತ್ತಿದೆ."

"ನೀವು ಒತ್ತಿದ್ದು ತಪ್ಪಲ್ಲ. ಅಲ್ಲಿ ಒತ್ತಬೇಕು ಅನ್ನೋ ಹಾಗೆ ಇವಳು ಬರೆದಿದ್ದಾಳಲ್ಲ, ಅದು ತಪ್ಪು. ಸಾರಿ ಅವಳು ಹೇಳಲಿ."

ಹುಡುಗಿ ಪಾಪ ಹೇಳಿದಳು. ಆಮೇಲೆ ಮೆಲ್ಲಗೆ, "ಆಂಟಿಗೆ ಒಂದ್ಸಲ ಟ್ರೈನಿಂಗ್ ಕೊಟ್ರೆ ಆಯ್ತಲ್ಲ ಮಿಸ್" ಅಂದಳು.

"ಕೊಡಮ್ಮ, ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು ಬರೋರಿಗೆಲ್ಲ ಕೊಡ್ತಾ ಇರು. ಕಡ್ಲೆಕಾಯಿ ಮಾರೋರ ಪಕ್ಕ ಜಾಗ ಇರುತ್ತೆ" ಅಂದರು ಮಿಸ್. ಹೇಳಿಕೊಡಬೇಕಾಗಿ ಬಂದರೆ ವಸ್ತು ಇನ್ನೂ ಮುಗಿದಿಲ್ಲ ಅಂತ ಅರ್ಥ, ಇದು ಅವರು ಸಾವಿರ ಸಲ ಹೇಳುತ್ತಿದ್ದ ಮಾತು.

ಆವತ್ತೇ ನಾನು ಅವರ ಕೈ ನೋಡಿದ್ದು. ನಾನು ಆ ಕಾಗದದ ಮುಂದೆ ಒದ್ದಾಡುತ್ತಿದ್ದಷ್ಟು ಹೊತ್ತೂ ಮಿಸ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬೆರಳಿಗೆ ಸೆರಗಿನ ತುದಿ ಸುತ್ತಿಕೊಂಡು ನಿಂತಿದ್ದರು. ಆಮೇಲೆ ಕೇಳಿದೆ. "ಬಿಟ್ರೆ ಹೋಗಿ ತೋರಿಸಿಬಿಡುತ್ತೆ ಕಣ್ರೀ ಈ ಕೈ. ತೋರಿಸಿದ್ರೆ ನನಗೇನೂ ಗೊತ್ತಾಗಲ್ಲ. ಅದಕ್ಕೇ ಕಟ್ಟಿಹಾಕ್ತೀನಿ" ಅಂದರು. ಎಲ್ಲಿ ಯಾರು ಏನಾದರೂ ಮಾಡುತ್ತ ತಡವರಿಸಿದರೂ, ತರಕಾರಿ ಅಂಗಡಿಯಲ್ಲಿ ಮುದುಕರು ಫೋನ್ ಹಿಡಿದು ಪರದಾಡಿದರೂ, ಇವರ ಕೈ ಹಿಂದೆ ಹೋಗುತ್ತಿತ್ತು. ನೋಡಿದವರು ಸೊಕ್ಕು ಅಂದುಕೊಳ್ಳುತ್ತಿದ್ದರು.

ಅತ್ತೆಗೆ ಲಕ್ವ ಹೊಡೆದದ್ದು ಮಿಸ್ ಬಂದ ಮರುವರ್ಷ. ಬಲಗೈ, ಬಲಗಾಲು ಬಿದ್ದವು, ಮಾತು ಪೂರ್ತಿ ಹೋಯಿತು. ವಕ್ಕಲೇರಿ ಕಡೆಯ ದೊಡ್ಡ ಮನೆಯ ಹೆಣ್ಣುಮಗಳು ಅವರು, ಹಸು, ಹಿಪ್ಪುನೇರಳೆ ತೋಟ, ಆಳುಕಾಳು ಎಲ್ಲ ದನಿಯಲ್ಲೇ ನಡೆಸಿದವರು. ಈಗ ಹೊರಗಿನವರು ಕೋಣೆಗೆ ಬಂದರೆ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರ ಹಾಗೆ ಮಲಗಿಬಿಡುತ್ತಿದ್ದರು. ಸ್ವಂತ ಅಕ್ಕತಂಗಿಯರು ಬಂದಾಗಲೂ ಅಷ್ಟೆ. ಅವರಿಗೆ ಏನು ಬೇಕು ಅನ್ನುವುದು ನನಗೊಬ್ಬಳಿಗೆ ಗೊತ್ತಾಗುತ್ತಿತ್ತು, ಅದೂ ಅರ್ಧ. ಹಾಗಾಗಿ ನಾನು ಮನೆ ಬಿಟ್ಟು ಹೋಗುವ ಹಾಗಿರಲಿಲ್ಲ. ಬೀದಿ ಕೊನೆಯ ಅಂಗಡಿಗೆ ಹೋದರೂ ಓಡಿ ಬರುತ್ತಿದ್ದೆ. ತಂಗಿಯ ಮಗಳ ನಾಮಕರಣಕ್ಕೆ ಹೋಗಲಿಲ್ಲ. ತಮ್ಮನ ಗೃಹಪ್ರವೇಶಕ್ಕೂ ಹೋಗಲಿಲ್ಲ. ಕರೆಯುವವರೂ ಆಮೇಲೆ ಕರೆಯುವುದು ಬಿಟ್ಟರು.

ಮಿಸ್ ಒಂದು ದಿನ ಕೆಳಗೆ ಬಂದು, "ನಿಮ್ಮತ್ತೇಗೆ ಒಂದು ಡಬ್ಬಿ ಮಾಡಿಕೊಡ್ಲಾ?" ಅಂದರು. ಮಾಡಿಕೊಂಡು ಬಂದರು, ಶಿಷ್ಯರ ಜೊತೆ ಸೇರಿ. ಚಂದವಾಗಿತ್ತು. ಮಂಚದ ಎಡಗಡೆ, ಎಡಗೈಗೆ ಸಿಗುವ ಹಾಗೆ. ಅದರ ಮೇಲೆ ದೊಡ್ಡ ದೊಡ್ಡ ಬಟನ್ನು, ಒಂದೊಂದಕ್ಕೂ ಬಣ್ಣದ ಚಿತ್ರ. ನೀರಿನ ಲೋಟ, ಊಟದ ತಟ್ಟೆ, ದೇವರ ದೀಪ, ಬಚ್ಚಲು. ಒತ್ತಿದರೆ ಒಳಗಿಂದ ನನ್ನ ದನಿ, ಮಿಸ್ ನನ್ನ ಕೈಲೇ ಹೇಳಿಸಿ ತುಂಬಿಸಿದ್ದರು: "ನೀರು ಬೇಕು." "ಊಟ ಬೇಕು."

ಪಕ್ಕದ ಮನೆ ರತ್ನಮ್ಮನಿಗೆ ಈ ಸುದ್ದಿ ಹೇಳಿದೆ. ಅವಳು ಮುಳಬಾಗಿಲು ಕಡೆಯವಳು, ಅರ್ಧ ತೆಲುಗು ಅರ್ಧ ಕನ್ನಡ, ಹಿಂದಿನ ಬಾಗಿಲಿಗೆ ಬಂದು ನಿಂತು ಮಾತಾಡಿ ಹೋಗುವವಳು, ಒಳಗೆ ಬರುವವಳಲ್ಲ. "ಅಬ್ಬಬ್ಬ, ಅತ್ತೆ ಬಾಯಿಗೂ ನೀನೇ ಬಂದ್ಯೇನಮ್ಮಾ? ಇನ್ನೇನು ಉಳೀತು ಆಯಮ್ಮಂಗೆ" ಅಂದಳು. ನಗುವುದಕ್ಕೆ ಹೇಳಿದ್ದು. ನನಗೆ ರಾತ್ರಿಯವರೆಗೂ ಅದೇ ಮಾತು ಕಿವಿಯಲ್ಲಿತ್ತು.

ಡಬ್ಬಿ ಕೆಲಸ ಮಾಡಿತು. ಆದರೆ ಅತ್ತೆ ಒಂದೇ ಒಂದು ಬಟನ್ ಒತ್ತುತ್ತಿದ್ದರು, ಬಚ್ಚಲಿನದು. ನಾನು ಬೆಡ್‌ಪ್ಯಾನ್ ಹಿಡಿದು ಓಡುವುದು, ಅವರು ತಲೆ ಅಲ್ಲಾಡಿಸುವುದು. ವಾಪಸ್ ಬಂದು ಕೂರುವಷ್ಟರಲ್ಲಿ ಮತ್ತೆ ನನ್ನದೇ ದನಿ, "ಬಚ್ಚಲಿಗೆ." ಮತ್ತೆ ಓಡುವುದು. ನೋಡಿದರೆ ಅವರ ಕಣ್ಣು ನೀರಿನ ಹೂಜಿಯ ಮೇಲೆ. ನೀರು ಬೇಕಿದ್ದರೆ ನೀರಿನ ಬಟನ್ ಇದೆಯಲ್ಲ ಅತ್ತೆ ಅಂತ ತೋರಿಸಿದರೆ, ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಯಜಮಾನರು, "ಅಮ್ಮಂಗೆ ತಲೇಗೆ ಹೋಗ್ತಿಲ್ಲ, ಬಿಟ್ಟಾಕು" ಅಂದರು. ಡಾಕ್ಟರೂ ಹಾಗೇ ಅಂದಿದ್ದರು, ಬುದ್ಧಿ ಸ್ವಲ್ಪ ಮಂಕಾಗಿರಬಹುದು ಅಂತ.

ಮಿಸ್ ಮಾತ್ರ ಒಪ್ಪಲಿಲ್ಲ. ರಜೆ ಹಾಕಿ ಬಂದು ಅತ್ತೆಯ ಕೋಣೆಯ ಮೂಲೆಯಲ್ಲಿ ನಿಂತರು, ಕೈ ಹಿಂದೆ ಕಟ್ಟಿಕೊಂಡು. ಅತ್ತೆ ಕಣ್ಣು ಮುಚ್ಚಿದರು. ಮಿಸ್ ಕದಲಲಿಲ್ಲ. ಕೊನೆಗೆ ಅತ್ತೆಗೇ ಸಾಕಾಗಿ ಕಣ್ಣು ಬಿಟ್ಟರು. ಮಾರನೇ ದಿನವೂ ಬಂದು ನಿಂತರು. ಇವರೊಬ್ಬರು ಹೊರಗಿನವರು ಅನ್ನುವುದನ್ನು ಅತ್ತೆ ಬಿಟ್ಟದ್ದು ಆಗಲೇ ಅನ್ನಿಸುತ್ತದೆ.

"ಅವರ ಎಡಗೈ ಲೋಟದ ಚಿತ್ರದವರೆಗೂ ಹೋಗುತ್ತೆ ರೀ. ಹೋಗಿ ವಾಪಸ್ ಬಂದು ಸೆರಗಿನೊಳಗೆ ಸೇರ್ಕೊಳ್ಳುತ್ತೆ. ಗೊತ್ತಾಗದೇ ಇದ್ರೆ ಅಲ್ಲೀವರೆಗೆ ಯಾಕೆ ಹೋಗುತ್ತೆ?" ಅಂದರು ನನಗೆ.

ಅದು ಶುಕ್ರವಾರ. ದೇವರಿಗೆ ಹೂವಿಟ್ಟು ತೀರ್ಥ ತಂದೆ. ಅತ್ತೆ ಯಾವಾಗಲೂ ಮಾಡುವ ಹಾಗೆ, ಸತ್ತು ಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ಎದೆಯ ಹತ್ತಿರ ತಂದರು. ನಾನು ಆ ಬಲ ಅಂಗೈಗೆ ತೀರ್ಥ ಹಾಕಿದೆ. ಅರ್ಧ ಚೆಲ್ಲಿತು, ಅರ್ಧ ಬಾಯಿಗೆ ಹೋಯಿತು. ತಿರುಗಿ ನೋಡಿದರೆ ಮಿಸ್ ಹಣೆ ಚಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ.

ಸಂಜೆ ಬಂದು ನೆಲದ ಮೇಲೆ ಕೂತರು. "ಎಡಗೈಯಲ್ಲಿ ನೀರು ಕೇಳ್ತಾರಾ ಅವರು? ಅನ್ನ ಕೇಳ್ತಾರಾ? ದೇವರ ದೀಪ ಎಡಗೈಲಿ ಮುಟ್ಟು ಅಂತ ಇಟ್ಟಿದ್ದೀನಿ ನಾನು. ಎಡಗೈಗೆ ಸಲ್ಲೋದು ಅದರಲ್ಲಿ ಒಂದೇ ಇತ್ತು, ಅದೊಂದನ್ನ ಒತ್ತಿದ್ರು. ಬುದ್ಧಿ ಮಂಕಾಗಿದ್ದು ಯಾರಿಗೆ?" ಅಂದರು. ಆಮೇಲೆ, "ಇರೋದು ಒಂದೇ ಕೈ ಅಂದ್ಕೊಂಡೆ ಕಣ್ರೀ. ಅವರ ಲೆಕ್ಕದಲ್ಲಿ ಇನ್ನೂ ಎರಡೂ ಇವೆ" ಅಂದರು.

ನಾನೂ ಆ ಮನೆಯಲ್ಲೇ ಇದ್ದವಳು, ಪ್ರತಿ ಶುಕ್ರವಾರ ತೀರ್ಥ ಕೊಟ್ಟವಳು. ಎಡಗೈಯಲ್ಲಿ ಒಬ್ಬರಿಗೆ ಒಂದು ವೀಳ್ಯದೆಲೆಯನ್ನೂ ಕೊಡದವಳು. ದಣಿದ ಕಣ್ಣಿಗೆ ಎದುರಿಗಿದ್ದದ್ದು ಕಾಣುವುದಿಲ್ಲ ಅಂತ ಕಾಣುತ್ತದೆ.

ಡಬ್ಬಿ ಮೇಲಕ್ಕೆ ಹೋಯಿತು, ಮತ್ತೆ ಕೆಳಗೆ ಬರಲಿಲ್ಲ. ಬಡಗಿಯೊಬ್ಬರನ್ನು ಹಿಡಿದು ಮಂಚದ ಬಲಗಡೆಗೆ ಎರಡು ಅಗಲವಾದ ಹಲಗೆ ಹಾಕಿಸಿದರು, ಕೀಲು ಕೊಟ್ಟು, ಮೇಲೆ ಮೆತ್ತನೆ ಬಟ್ಟೆ ಸುತ್ತಿಸಿ. ಎಡಗೈಯಿಂದ ಬಲಗೈಯನ್ನು ಎತ್ತಿ ಬಿಟ್ಟರೆ ಸಾಕು, ಆ ಕೈಯ ಭಾರಕ್ಕೇ ಹಲಗೆ ಬಾಗುತ್ತದೆ. ಒಂದು ಹಲಗೆಯ ಕೆಳಗೆ ಸ್ಟೀಲ್ ಲೋಟ, ಅದಕ್ಕೆ ಚಮಚ ತಗಲುತ್ತದೆ, ಟಣ್ ಅಂತ. ಇನ್ನೊಂದರ ಕೆಳಗೆ ತಂತಿಗೆ ಪೋಣಿಸಿದ ಗಾಜಿನ ಬಳೆಗಳು, ಘಲ್ ಅನ್ನುತ್ತವೆ. ಎಡಗಡೆ ಗೋಡೆಗೆ ಬರೀ ಒಂದು ಮರದ ತುಂಡು, ಬೆರಳ ಗೆಣ್ಣಿನಿಂದ ಕುಟ್ಟುವುದಕ್ಕೆ. ಅದು ಬಚ್ಚಲಿಗೆ.

"ಚಿತ್ರ ಇಲ್ವಲ್ಲ ಮಿಸ್" ಅಂದೆ.

"ಕುಕ್ಕರ್ ಮೇಲೆ ಚಿತ್ರ ಇದೆಯಾ? ಯಾರ ಮನೇಲಿ ಬೇಳೆ ಬೆಂತು ಅಂತ ಇಡೀ ಬೀದಿಗೆ ಗೊತ್ತಾಗುತ್ತಲ್ಲ. ನೀವಿರೋದು ಅಡುಗೆಮನೇಲಿ. ನಿಮಗೆ ಬೇಕಾಗಿರೋದು ಕಿವಿಗೆ" ಅಂದರು.

ಅತ್ತೆ ಆವತ್ತು ಬಲಗೈ ಎತ್ತಿ ಲೋಟದ ಹಲಗೆಯ ಮೇಲೆ ಬಿಟ್ಟರು. ಟಣ್ ಅಂತು. ನಾನು ನೀರು ಕುಡಿಸಿದೆ. ಮುಗಿದ ಕೂಡಲೇ ಮತ್ತೆ ಟಣ್. ಮತ್ತೆ ಕುಡಿಸಿದೆ. ಮೂರನೇ ಸಲ ಬರೀ ತುಟಿ ಮುಚ್ಚಿಕೊಂಡು ನನ್ನನ್ನೇ ನೋಡಿದರು. ಬಾಯಾರಿಕೆ ಇರಲಿಲ್ಲ. ಕೇಳಿದರೆ ಬರುತ್ತದಾ ಅಂತ ನೋಡುತ್ತಿದ್ದರು. ಮಿಸ್ ಬಾಗಿಲಲ್ಲಿ ನಿಂತಿದ್ದರು. ಬೆನ್ನ ಹಿಂದೆ ಅವರ ಬೆರಳು ಸೆರಗನ್ನು ತಿರುಚುತ್ತಿದ್ದದ್ದು ನಾನಿದ್ದ ಕಡೆಯಿಂದ ಕಂಡಿತು.

ಅದರಿಂದ ನನ್ನ ಓಡಾಟ ಕಡಿಮೆಯಾಯಿತು, ದಣಿವು ಪೂರ್ತಿ ಹೋಗಲಿಲ್ಲ. ಎಲ್ಲ ಸದ್ದಿಗೂ ಏಳಬೇಕಾದವಳು ನಾನೇ ತಾನೆ. ಮಿಸ್‌ಗೂ ಸಮಾಧಾನ ಇರಲಿಲ್ಲ. "ನಿಮಗೆ ನಾನು ಎಲ್ಲ ಹೇಳಿಬಿಟ್ಟಿದ್ದೀನಿ. ನಿಮ್ಮದು ಲೆಕ್ಕಕ್ಕಿಲ್ಲ. ಏನೂ ಗೊತ್ತಿಲ್ಲದೋರನ್ನ ಒಂದಿನ ಅತ್ತೆ ಜೊತೆ ಬಿಟ್ಟು ನೀವು ಹೊರಗೆ ಹೋಗಿ ಬನ್ನಿ. ಏನೂ ಹೇಳ್ಬೇಡಿ. ಅದೇ ಪರೀಕ್ಷೆ. ಅವರಿಗೆ ಅರ್ಥ ಆದ್ರೆ ಮುಗೀತು. ಇಲ್ದಿದ್ರೆ ಇನ್ನೂ ಕೆಲಸ ಇದೆ" ಅನ್ನುವರು. ಅತ್ತೆ ಹೊರಗಿನವರ ಮುಂದೆ ಕಣ್ಣೇ ಬಿಡುವುದಿಲ್ಲ, ಕೈ ಎತ್ತುತ್ತಾರೆಯೇ? ಎತ್ತದೆ ಬಾಯಾರಿ ಮಲಗಿಬಿಟ್ಟರೆ? ನನಗೆ ಧೈರ್ಯ ಬರಲಿಲ್ಲ.

ಆಮೇಲೆ ಮಿಸ್‌ಗೇ ಕಾಯಿಲೆಯಾಯಿತು. ಹೊಟ್ಟೆಯದು. ಕೆಲಸ ಬಿಟ್ಟು ಯಲ್ದೂರಿನ ತಮ್ಮನ ಮನೆಗೆ ಹೋದರು. ಅಲ್ಲಿಂದ ಫೋನ್ ಮಾಡುತ್ತಿದ್ದರು. ತಮ್ಮ ಆರೋಗ್ಯದ ಮಾತು ಬಂದರೆ ಹಾರಿಸಿಬಿಡುವರು. "ಪರೀಕ್ಷೆ ಆಯ್ತಾ?" ಅಂತ ಮೊದಲು ಕೇಳುವರು. "ಇನ್ನೂ ಇಲ್ಲ ಮಿಸ್." "ಪರವಾಗಿಲ್ಲ. ಆದಾಗ ಹೇಳಿ." ದನಿ ಪ್ರತಿ ಸಲವೂ ಸ್ವಲ್ಪ ತೆಳ್ಳಗಾಗುತ್ತಿತ್ತು. ಮಾತು ಅದೇ.

ಆವತ್ತು ಬೆಳಿಗ್ಗೆ ಫೋನ್ ಇಟ್ಟ ಮೇಲೆ ಅತ್ತೆಗೆ ಗಂಜಿ ಕುಡಿಸುತ್ತ ಹೇಳಿದೆ, "ಮಿಸ್ ಹೋದರು ಅತ್ತೆ." ಅತ್ತೆ ಬಾಯಲ್ಲಿದ್ದ ಚಮಚ ಬಿಟ್ಟರು. "ಹೋಗಿ ಬರಲಾ? ರತ್ನಮ್ಮ ಕೂತಿರ್ತಾಳೆ." ಬಹಳ ಹೊತ್ತು ನೋಡಿ ಕಣ್ಣು ಮುಚ್ಚಿದರು. ಹೂಂ ಅಂದರೋ ಬೇಡ ಅಂದರೋ ತಿಳಿಯಲಿಲ್ಲ.

ರತ್ನಮ್ಮ ಸೊಪ್ಪಿನ ಮೊರ ಹಿಡಿದುಕೊಂಡೇ ಬಂದಳು. "ಹೋಗ್ಬಾಮ್ಮ. ಆಯಮ್ಮ ಹೆಂಗೂ ಮಲಗೇ ಇರ್ತಾರೆ. ಬಾಯಿಲ್ದೋರು ಪಾಪಂ, ಏನು ಕೇಳ್ತಾರೆ. ಏನಾದ್ರೂ ಹೇಳ್ಬೇಕಾ ನಂಗೆ?"

ಗಂಟಲವರೆಗೂ ಬಂತು. ಲೋಟದ ಸದ್ದಿಗೆ ನೀರು, ಬಳೆಯ ಸದ್ದಿಗೆ... "ಏನಿಲ್ಲ. ಮಾಡಿಟ್ಟದ್ದೆಲ್ಲ ಕಟ್ಟೆ ಮೇಲಿದೆ" ಅಂದೆ. ಬಾಗಿಲ ಮೆಟ್ಟಿಲು ಇಳಿಯುವಾಗ ನೋಡಿಕೊಂಡೆ, ನನ್ನ ಕೈ ಎರಡೂ ಬೆನ್ನ ಹಿಂದಿದ್ದವು.

ಶ್ರೀನಿವಾಸಪುರದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ಮಾವಿನ ಕಾಲ. ಮಂಡಿಗಳ ಮುಂದೆ ಲಾರಿ ನಿಂತು ಬಸ್ಸು ತಡವಾಯಿತು. ಎಲ್ಲರೂ ಬೈದುಕೊಂಡರು, ನನಗೆ ಬೈಯುವಷ್ಟು ಶಕ್ತಿಯೂ ಇರಲಿಲ್ಲ. ಅಲ್ಲಿಂದ ಆಟೋ. ತೋಟದ ಮನೆಯ ಜಗುಲಿಯ ಮೇಲೆ ಮಿಸ್‌ನ ಮಲಗಿಸಿದ್ದರು. ಕಾಯಿ ಕೀಳುವವರು ಬಿದಿರಿನ ದೋಟಿಗಳನ್ನು ಮರಕ್ಕೆ ಒರಗಿಸಿ ಬಂದು ನಿಂತಿದ್ದರು. ಯಾರೋ ಮಿಸ್‌ನ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟಿದ್ದರು. ನಿಂತಿರುವಾಗ ಆ ಕೈಗಳನ್ನು ನಾನು ಅಷ್ಟಾಗಿ ಎದುರಿಗೆ ನೋಡಿಯೇ ಇರಲಿಲ್ಲ. ಚಿಕ್ಕ ಕೈ. ಬೆರಳಿನ ಪಕ್ಕ ಪೆನ್ಸಿಲ್ ಹಿಡಿದು ಆದ ಗಂಟು ಇನ್ನೂ ಇತ್ತು.

ತಮ್ಮನ ಹೆಂಡತಿ ಪಕ್ಕ ಬಂದು ಕೂತರು. "ಆಸ್ಪತ್ರೇಲಿ ಕೊನೇ ದಿನಗಳಲ್ಲೂ ಮಂಚದ ಬಟನ್ ನೋಡಿ ನಗ್ತಿದ್ರು. ತಲೆ ಏಳುತ್ತೆ ಅಂತ ಒತ್ತಿದ್ರೆ ಕಾಲು ಏಳೋದು. ಇದನ್ನ ಮಾಡಿದೋನು ಒಂದಿನಾನೂ ಇದರ ಮೇಲೆ ಮಲಗಿಲ್ಲ ಅಂತ." ಸೆರಗಿನಿಂದ ಮೂಗು ಒರೆಸಿಕೊಂಡು, "ನೀವು ಏನೋ ಹೇಳ್ತೀರ ಅಂತ ಕಾಯ್ತಿದ್ರು. ಏನದು?" ಅಂದರು.

"ಇನ್ನೂ ಗೊತ್ತಾಗಿಲ್ಲ" ಅಂದೆ.

ವಾಪಸ್ ಬರುವಾಗ ನಿದ್ದೆ ಎಳೆಯುತ್ತಿತ್ತು, ಆದರೆ ಬರಲಿಲ್ಲ. ನಮ್ಮ ಗೇಟಿನ ಹತ್ತಿರ ನಿಂತು ಕಿವಿಗೊಟ್ಟೆ. ಲೋಟವಿಲ್ಲ, ಬಳೆಯಿಲ್ಲ, ಮರವಿಲ್ಲ. ಹಿಂದಿನ ಬಾಗಿಲಲ್ಲಿ ರತ್ನಮ್ಮನೂ ಇರಲಿಲ್ಲ. ಚಪ್ಪಲಿಯಲ್ಲೇ ಒಳಗೆ ಹೋದೆ.

ರತ್ನಮ್ಮ ಅತ್ತೆಯ ಕೋಣೆಯಲ್ಲಿ, ಮಂಚದ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಹೂಜಿ ಖಾಲಿಯಾಗಿತ್ತು. ಗೋಡೆಗೆ ಒರಗಿಸಿದ್ದ ಬೆಡ್‌ಪ್ಯಾನಿನಿಂದ ನೀರು ತೊಟ್ಟಿಕ್ಕುತ್ತಿತ್ತು, ತೊಳೆದಿಟ್ಟದ್ದು. ಅತ್ತೆ ಕಣ್ಣು ತೆರೆದೇ ಇದ್ದರು. ನನ್ನನ್ನು ಒಮ್ಮೆ ನೋಡಿ, ಎಡಗೈಯಿಂದ ಬಲಗೈಯನ್ನು ಎತ್ತಿ ಹಲಗೆಯ ಮೇಲೆ ಬಿಟ್ಟರು. ಬಳೆ ಘಲ್ ಅಂದವು.

"ಹೂಂನಮ್ಮಾ, ಇಲ್ಲೇ ಇದೀನಿ, ಎಲ್ಲಿಗೂ ಹೋಗ್ಲಿಲ್ಲ" ಅಂದಳು ರತ್ನಮ್ಮ, ತಿರುಗಿಯೂ ನೋಡದೆ. ಆಮೇಲೆ ಮೊರವನ್ನು ನನ್ನ ಕಡೆ ಸರಿಸಿದಳು.

"ಬಾಯಿಲ್ದೋರು ಅಂತ ನಂಬ್ಕೊಂಡು ಬಂದೆ ನೋಡು. ನೀರು ಅಂತಾರೆ, ಬಚ್ಚಲು ಅಂತಾರೆ, ಸುಮ್ನೆ ಬಂದು ಕೂತ್ಕೋ ಅಂತಾರೆ. ಒಂದು ಗಳಿಗೆ ಬಿಡ್ಲಿಲ್ಲ ಆಯಮ್ಮ. ಈ ಸೊಪ್ಪು ನೋಡು, ಬಿಡಿಸ್ದೇ ಹಂಗೇ ಬಾಡೋಯ್ತು."